ಘಾರಾಪುರಿ: ಒಂದು ದ್ವೀಪ, ಮೂರು ಬಂದರಗಳು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಎಂಬ ಮಾತಿನಲ್ಲಿಯೇ ಒಂದು ಋಣದ ಭಾವವಿದೆ. ಊರು ಬಿಟ್ಟು ಬಂದು, ಮುಂಬಯಿಯೆಂಬ ಈ ಮಹಾನಗರದಲ್ಲಿ ಬೆವರು ಸುರಿಸಿ ದುಡಿದು, ದುಡಿದುದರಲ್ಲಿ ಒಂದು ಪಾಲನ್ನು ಕನ್ನಡದ ಮಾತಿಗಾಗಿ ಎತ್ತಿಟ್ಟ ಹಿರಿಯರ ಔದಾರ್ಯದಿಂದ ಇಂತಹ ಉಪನ್ಯಾಸಗಳು ನಡೆದುಬಂದಿವೆ. ಆ ಔದಾರ್ಯಕ್ಕೆ ತಲೆಬಾಗಿ ನನ್ನ ಮಾತನ್ನು ಆರಂಭಿಸುತ್ತೇನೆ. ಇಂತಹ ವೇದಿಕೆಯಿಂದ ಕವಿಯನ್ನೋ ಕಾವ್ಯವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾನಾದರೋ ಇಂದು ಒಂದು ದ್ವೀಪವನ್ನು ಕುರಿತು, ಅದರ ನೆಲ, ನೀರು, ಗುಡ್ಡ, ಬಂದರ, ಕೇರಿಗಳನ್ನು ಕುರಿತು ಮಾತನಾಡಬಯಸಿದ್ದೇನೆ. ಅಪೊಲೊ ಬಂದರದ ಕಟ್ಟೆಯ ಮೇಲೆ ನಿಂತು ಮೂಡಣ ದಿಕ್ಕಿಗೆ ಕಣ್ಣು ಹಾಯಿಸಿದರೆ, ಮಬ್ಬು ಹರಿದ ಹೊತ್ತಿನಲ್ಲಿ, ಲಂಗರು ಹಾಕಿ ನಿಂತ ಹಡಗುಗಳ ಆಚೆಗೆ ಎರಡು ಗುಡ್ಡಗಳ ನಸುನೀಲಿಯ ಗೆರೆಯೊಂದು ಕಾಣುತ್ತದೆ. ಹೊರಗಿನ ಲೋಕ ಅದನ್ನು ಎಲಿಫೆಂಟಾ ಎಂದು ಕರೆಯುತ್ತದೆ. ಅಲ್ಲಿ ಹುಟ್ಟಿ ಬೆಳೆದವರು ಘಾರಾಪುರಿ ಎನ್ನುತ್ತಾರೆ.

ಊರಿನಿಂದ ಬಂದ ನೆಂಟರಿಷ್ಟರನ್ನು ಒಮ್ಮೆಯಾದರೂ ಲಾಂಚಿನಲ್ಲಿ ಕೂರಿಸಿ ಆ ದ್ವೀಪಕ್ಕೆ ಕರೆದುಕೊಂಡು ಹೋಗದ ಕನ್ನಡ ಕುಟುಂಬ ಮುಂಬಯಿಯಲ್ಲಿ ವಿರಳವೆಂದೇ ಹೇಳಬೇಕು. ಹಾಗೆ ಹೋದವರೆಲ್ಲ ಅಲ್ಲಿಯ ಗುಹೆಯಲ್ಲಿರುವ ಶಿವನ ಮಹೇಶಮೂರ್ತಿಯ ಮುಂದೆ ಕೈಮುಗಿದು, ಮೆಟ್ಟಿಲಿಳಿದು, ಎಳನೀರು ಕುಡಿದು, ಸಂಜೆಯ ಲಾಂಚು ಹಿಡಿದು ಮರಳುತ್ತಾರೆ. ಆ ದ್ವೀಪದಲ್ಲಿ ಮೂರು ಊರುಗಳಿವೆಯೆಂಬುದನ್ನು, ಆ ಊರುಗಳಿಗೆ ಹೆಸರುಗಳಿವೆಯೆಂಬುದನ್ನು, ಅಲ್ಲಿ ಸಾವಿರದ ಮೇಲೆ ಕೆಲವು ನೂರು ಜನ ತಲೆತಲಾಂತರದಿಂದ ಬಾಳಿ ಬದುಕಿದ್ದಾರೆಂಬುದನ್ನು ಬಹುಮಂದಿ ಅರಿಯದೆಯೇ ಹಿಂದಿರುಗುತ್ತಾರೆ. ಗುಹೆಯನ್ನು ಕಂಡು ಊರನ್ನು ಕಾಣದೆ ಬರುವ ದರ್ಶನ ಅರ್ಧದರ್ಶನವೆಂಬುದೇ ಇಂದಿನ ನನ್ನ ಮಾತಿನ ಸಾರ.

1. ನೆಲೆ ಮತ್ತು ನೆಲ

ಅಪೊಲೊ ಬಂದರದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ, ಮುಂಬಯಿ ನಗರಕ್ಕೂ ರಾಯಗಡ ಜಿಲ್ಲೆಯ ತೀರಕ್ಕೂ ನಡುವಣ ಕೊಲ್ಲಿಯಲ್ಲಿ ಈ ದ್ವೀಪ ನೆಲೆಗೊಂಡಿದೆ. ಪಶ್ಚಿಮಕ್ಕೆ ಮುಂಬಯಿಯ ಹಡಗುಕಟ್ಟೆಗಳೂ ತೈಲದ ಹಡಗುಗಳು ತಂಗುವ ಜವಾಹರ ದ್ವೀಪವೂ, ಉತ್ತರದ ಕಡೆಗೆ ತ್ರಾಂಬೆಯ ಗುಡ್ಡವೂ, ಪೂರ್ವ ದಕ್ಷಿಣಗಳ ಕಡೆಗೆ ನ್ಹಾವಾ-ಶೇವಾ ಬಂದರದ ಎತ್ತರದ ಕ್ರೇನುಗಳೂ ಅದನ್ನು ಸುತ್ತುವರಿದಿವೆ. ನೋಟಕ್ಕೆ ಮುಂಬಯಿಯ ಅಂಗಳದಲ್ಲಿಯೇ ಇರುವಂತೆ ತೋರಿದರೂ ಆಡಳಿತದಲ್ಲಿ ಅದು ಮುಂಬಯಿಗೆ ಸೇರಿದುದಲ್ಲ. ರಾಯಗಡ ಜಿಲ್ಲೆಯ ಉರಣ ತಾಲ್ಲೂಕಿಗೆ ಸೇರಿ, ತನ್ನದೇ ಆದ ಗ್ರಾಮಪಂಚಾಯತಿಯನ್ನು ಹೊಂದಿದೆ.

ದ್ವೀಪದ ಆಕಾರ ಬಹಳ ಸರಳವಾದುದು. ಎರಡು ಗುಡ್ಡಗಳು, ನಡುವೆ ಒಂದು ಕಿರಿದಾದ ಕಣಿವೆ, ಸುತ್ತಲೂ ಉಬ್ಬರವಿಳಿತಗಳಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಕೆಸರಿನ ಅಂಚು. ಸುತ್ತಳತೆ ಸುಮಾರು ನಾಲ್ಕೂವರೆ ಮೈಲಿ.  ಪಶ್ಚಿಮದ ಗುಡ್ಡದ ಓರೆಯಲ್ಲಿಯೇ ಸುಪ್ರಸಿದ್ಧವಾದ ಶೈವ ಗುಹೆಗಳಿವೆ, ನೆತ್ತಿಯ ಮೇಲೆ ಆಂಗ್ಲರ ಕಾಲದ ಎರಡು ಭಾರಿ ತೋಪುಗಳು ಇಂದಿಗೂ ಸಮುದ್ರಕ್ಕೆ ಮುಖಮಾಡಿ ಬಿದ್ದುಕೊಂಡಿವೆ. ಪೂರ್ವದ ಗುಡ್ಡಕ್ಕೆ ಸ್ತೂಪದ ಗುಡ್ಡವೆಂದು ಹೆಸರು. ಇಟ್ಟಿಗೆಯ ಬೌದ್ಧಸ್ತೂಪವೊಂದರ ಅವಶೇಷ ಅಲ್ಲಿದೆ. ನೆಲವೆಲ್ಲ ಕಪ್ಪು ಕಗ್ಗಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಪದರಪದರವಾಗಿ ಹರಡಿ ದಖ್ಖನಿನ ಪ್ರಸ್ಥಭೂಮಿಯನ್ನು ನಿರ್ಮಿಸಿದ ಲಾವಾರಸವೇ ಇಲ್ಲಿ ತಣಿದು ಶಿಲೆಯಾಗಿ ನಿಂತಿದೆ.

ಬಾದಾಮಿಯನ್ನು ಕಂಡು ಬಂದ ಕನ್ನಡಿಗನಿಗೆ ಈ ಶಿಲೆಯ ಗುಣ ಒಡನೆಯೇ ಗೋಚರಿಸುತ್ತದೆ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ, ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಶಾಸನಸ್ಥವಾದ ಬಾದಾಮಿಯ ಮೂರನೆಯ ಗುಹೆ ಕೆಂಬಣ್ಣದ ಮರಳುಗಲ್ಲಿನಲ್ಲಿ ಅರಳಿದುದು. ಉಳಿಗೆ ಬೇಗ ಒಲಿಯುವ ಕಲ್ಲು ಅದು. ಅದೇ ಶತಮಾನದ ನಡುಭಾಗದ್ದೆಂದು ಬಹುತೇಕ ವಿದ್ವಾಂಸರು ಎಣಿಸುವ ಘಾರಾಪುರಿಯ ಮಹಾಗುಹೆಯಾದರೋ ಒಲಿಯದ ಕಗ್ಗಲ್ಲನ್ನು ಒಲಿಸಿಕೊಂಡ ಸಾಹಸ. ಸುಮಾರು 18 ಅಡಿ ಎತ್ತರದ ಮಹೇಶಮೂರ್ತಿಯೆನಿಸಿದ ಆ ಸದಾಶಿವನ ಮುಖದಲ್ಲಿ ಕಾಣುವ ಶಾಂತಿಗೂ ಅದನ್ನು ಬಿಡಿಸಿದ ಕೈಗಳ ಶ್ರಮಕ್ಕೂ ಇರುವ ಅಂತರವನ್ನು ನೆನೆದರೆ ಮನಸ್ಸು ಮೂಕವಾಗುತ್ತದೆ.

ಕಲ್ಲಿನ ನೆಲಕ್ಕೆ ನೀರಿನ ಚಿಂತೆ ಸಹಜ. ಮಳೆಗಾಲದಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಈ ತೀರದಲ್ಲಿ, ಮಳೆ ನಿಂತ ಮೇಲೆ ಆ ನೀರನ್ನು ಹಿಡಿದಿಟ್ಟುಕೊಳ್ಳುವುದೇ ದ್ವೀಪವಾಸಿಗಳ ಜಾಣ್ಮೆ. ಗುಹೆಗಳನ್ನು ಕೊರೆದವರು ಬಂಡೆಯಲ್ಲಿಯೇ ನೀರಿನ ತೊಟ್ಟಿಗಳನ್ನೂ ಕೊರೆದರು. ಇಂದಿನವರು ಮಳೆನೀರಿಗೆ ಅಣೆಕಟ್ಟಿ ಕೆರೆ ಮಾಡಿಕೊಂಡಿದ್ದಾರೆ. ಹದಿನಾಲ್ಕು ಶತಮಾನಗಳ ಅಂತರದ ಈ ಎರಡು ಕೆಲಸಗಳ ಹಿಂದೆ ಇರುವ ಆಲೋಚನೆ ಒಂದೇ. ದೇವರನ್ನು ಕಡೆಯುವ ಶಿಲ್ಪಿಗೂ ಬಾಯಾರಿಕೆ ಉಂಟೆಂಬುದನ್ನು ಆ ತೊಟ್ಟಿಗಳು ನಮಗೆ ನೆನಪಿಸುತ್ತವೆ.

2. ಮೂರು ಊರುಗಳು

ದ್ವೀಪದಲ್ಲಿ ಜನವಸತಿ ಮೂರು ಕಡೆ ಇದೆ: ವಾಯವ್ಯದಲ್ಲಿ ಶೇತಬಂದರ, ಈಶಾನ್ಯದಲ್ಲಿ ಮೋರಾಬಂದರ, ದಕ್ಷಿಣದಲ್ಲಿ ರಾಜಬಂದರ. ಮೂರು ಹೆಸರುಗಳಲ್ಲಿಯೂ ಬಂದರವೆಂಬ ಪದವಿರುವುದನ್ನು ಗಮನಿಸಬೇಕು. ಬಯಲುಸೀಮೆಯ ಊರುಗಳಿಗೆ ಹಳ್ಳಿ, ಪುರ, ಕೆರೆ ಎಂಬ ಕೊನೆಗಳಿದ್ದಂತೆ ಇಲ್ಲಿಯ ಊರುಗಳಿಗೆ ಬಂದರವೇ ಕೊನೆ. ದೋಣಿ ತಂಗಲು ಅನುಕೂಲವಾದ ತಾಣವೇ ಮನೆ ಕಟ್ಟಲೂ ಅನುಕೂಲವಾದ ತಾಣ. ಮಧ್ಯದ ಗುಡ್ಡಗಳು ದೇವರಿಗೆ, ಅಂಚಿನ ನೆಲ ಮನುಷ್ಯರಿಗೆ ಎಂದು ಯಾರೋ ಹಂಚಿಕೊಟ್ಟಂತೆ ಈ ವಸತಿಗಳು ಹರಡಿಕೊಂಡಿವೆ.

ಇಂದು ಪ್ರವಾಸಿಗರು ಇಳಿಯುವುದು ಶೇತಬಂದರದ ಕಡೆಗೆ. ಸಮುದ್ರ ಇಲ್ಲಿ ಆಳವಿಲ್ಲದುದರಿಂದ ದಕ್ಕೆಯನ್ನು ನೀರಿನೊಳಕ್ಕೆ ಬಹುದೂರ ಚಾಚಿ ಕಟ್ಟಿದ್ದಾರೆ. ಅದರ ಉದ್ದಕ್ಕೆ ಆಟಿಕೆಯಂತಹ ಪುಟ್ಟ ರೈಲೊಂದು ಓಡುತ್ತದೆ. ಇಳಿತದ ಹೊತ್ತಿನಲ್ಲಿ ಆ ದಕ್ಕೆಯ ಮೇಲೆ ನಡೆಯುತ್ತ ಇಕ್ಕೆಲಗಳಲ್ಲಿ ನೋಡಿದರೆ, ನೀರು ಹಿಂದೆ ಸರಿದ ಬೂದುಬಣ್ಣದ ಕೆಸರಿನಲ್ಲಿ ದೋಣಿಗಳು ಒಂದು ಮಗ್ಗುಲಿಗೆ ವಾಲಿ ಮಲಗಿರುತ್ತವೆ. ಆ ಬಿಡುವಿನಲ್ಲಿಯೇ ದೋಣಿಯ ಹೊಟ್ಟೆಯನ್ನು ಕೆರೆದು, ಬಿರುಕನ್ನು ಮುಚ್ಚಿ, ಬಣ್ಣ ಬಳಿಯುವ ಕೆಲಸ ಮುಗಿಯಬೇಕು, ಏಕೆಂದರೆ ಆರು ಗಂಟೆಗಳೊಳಗೆ ನೀರು ಮರಳಿ ಬಂದು ದೋಣಿಯನ್ನು ಎತ್ತುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರಕ್ಕೂ ಇಳಿತಕ್ಕೂ ಈ ಕೊಲ್ಲಿಯಲ್ಲಿ ನಾಲ್ಕು ಮೀಟರಿಗೂ ಹೆಚ್ಚಿನ ಅಂತರವುಂಟು. ಗಡಿಯಾರವನ್ನು ನೋಡಿ ದುಡಿಯುವ ನಗರದಿಂದ ಒಂದು ಗಂಟೆಯ ಪಯಣದಷ್ಟು ದೂರದಲ್ಲಿ, ಚಂದ್ರನನ್ನು ನೋಡಿ ದುಡಿಯುವ ಜನ ಹೀಗೆ ಬದುಕಿದ್ದಾರೆ.

ದಕ್ಕೆಯ ಕೊನೆಯಲ್ಲಿ ಗ್ರಾಮಪಂಚಾಯತಿಯ ಪರವಾಗಿ ಕುಳಿತವರು ಬಂದವರಿಂದ ಕೆಲವೇ ರೂಪಾಯಿಗಳ ತೆರಿಗೆಯನ್ನು ವಸೂಲು ಮಾಡಿ ಸಣ್ಣದೊಂದು ಚೀಟಿಯನ್ನು ಕೊಡುತ್ತಾರೆ. ನಮ್ಮಲ್ಲಿ ಬಹುಮಂದಿ ಆ ಚೀಟಿಯನ್ನು ಓದದೆಯೇ ಜೇಬಿಗಿಟ್ಟು ಮುಂದೆ ಸಾಗುತ್ತೇವೆ. ಆದರೆ ಇಲ್ಲಿ ಊರೊಂದಿದೆ, ಅದಕ್ಕೊಂದು ಆಡಳಿತವಿದೆ, ನೀವು ಅದರ ಅತಿಥಿಗಳು ಎಂದು ಹೇಳುವ ಏಕೈಕ ಕಾಗದ ಅದು. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಎರಡೂ ಬದಿಯಲ್ಲಿ ಮಣಿಸರ, ಕಲ್ಲಿನ ಬೊಂಬೆ, ಟೋಪಿ, ಮುರುಗಲ ಹಣ್ಣಿನ ಪಾನಕ, ಉಪ್ಪುಖಾರ ಸವರಿದ ಮಾವಿನಕಾಯಿಯ ಹೋಳು. ಈ ಅಂಗಡಿಗಳಲ್ಲಿ ಕುಳಿತವರಲ್ಲಿ ಬಹುಪಾಲು ದ್ವೀಪದ ಹೆಂಗಸರು.

ಮೋರಾಬಂದರ ಇದಕ್ಕಿಂತ ನಿಶ್ಶಬ್ದವಾದುದು. ಗುಡ್ಡದ ಕಾಡು ಅಲ್ಲಿ ಊರಿನ ಬೆನ್ನಿಗೇ ಆನಿಕೊಂಡಿದೆ. ಮಾವು, ಹುಣಸೆ, ಹೊಂಗೆ, ತಾಳೆಗಳು ಇಳಿದು ಬಂದು, ತೀರದ ಕೆಸರಿನಲ್ಲಿ ಕಾಂಡ್ಲಾ ಗಿಡಗಳಿಗೆ ಎಡೆಮಾಡಿಕೊಡುತ್ತವೆ. ಮೋರಾ ಎಂಬ ಹೆಸರಿನಲ್ಲಿ ಕೊಂಕಣದ ಮೌರ್ಯರ ನೆನಪು ಉಳಿದಿರಬಹುದೆಂದು ಊಹಿಸಿದವರುಂಟು. ದಕ್ಷಿಣದ ರಾಜಬಂದರವೇ ಹಳೆಯ ಇಳಿದಾಣ. ಘಾರಾಪುರಿಯೆಂಬ ಹೆಸರು ಮೂಲತಃ ಆ ಊರಿನದೇ. ಭತ್ತ ಬೆಳೆಯುವುದು, ಮೀನು ಹಿಡಿಯುವುದು, ದೋಣಿ ದುರಸ್ತಿ ಮಾಡುವುದು, ಪ್ರವಾಸಿಗರಿಗೆ ಬೇಕಾದುದನ್ನು ಒದಗಿಸುವುದು, ಇವೇ ಮೂರು ಊರುಗಳ ಕಸುಬುಗಳು. ಪ್ರವಾಸಿಗರಿಗೆ ರಾತ್ರಿ ತಂಗಲು ಅನುಮತಿಯಿಲ್ಲ. ಆದಕಾರಣ ಸಂಜೆಯ ಕೊನೆಯ ಲಾಂಚು ಹೊರಟೊಡನೆ ದ್ವೀಪ ದ್ವೀಪದವರಿಗೇ ಮರಳುತ್ತದೆ.

ಆ ರಾತ್ರಿಗಳು ದೀರ್ಘಕಾಲ ಕತ್ತಲೆಯ ರಾತ್ರಿಗಳಾಗಿದ್ದವು. ಎದುರಿಗೆ ಮುಂಬಯಿಯ ಲಕ್ಷದೀಪ ಬೆಳಗುತ್ತಿದ್ದಾಗ ಇಲ್ಲಿ ಡೀಸೆಲ್ ಯಂತ್ರವೊಂದು ಸಂಜೆ ಮೂರು ತಾಸು ಮಾತ್ರ ಬೆಳಕು ಕೊಡುತ್ತಿತ್ತು. ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರು ಉದ್ದದ ಕೇಬಲನ್ನು ಹಾಸಿ, ಮೂರು ಊರುಗಳಿಗೂ ಒಂದೊಂದು ಟ್ರಾನ್ಸ್‌ಫಾರ್ಮರನ್ನು ಇರಿಸಿ, ಮನೆಮನೆಗೆ ವಿದ್ಯುತ್ತು ತಲಪಿದುದು 2018ರ ಫೆಬ್ರುವರಿಯಲ್ಲಿ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷಗಳಾದ ಮೇಲೆ! ಅಷ್ಟರೊಳಗೆ ಅಲ್ಲಿಯ ಗುಹೆಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿ, 1987ರಿಂದ ಎಣಿಸಿದರೆ, ಮೂವತ್ತು ವರ್ಷಗಳು ಕಳೆದಿದ್ದವು. ಸ್ಮಾರಕಕ್ಕೆ ದೊರೆತ ಮನ್ನಣೆ ಊರಿಗೆ ದೊರೆಯಲು ಇಷ್ಟು ಕಾಲ ಹಿಡಿಯಿತು.

3. ಕನ್ನಡಕ್ಕೂ ಈ ದ್ವೀಪಕ್ಕೂ ಇರುವ ನಂಟು

ಐಹೊಳೆಯ ಮೇಗುತಿಯ ಗುಡಿಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634ರ, ಶಿಲಾಶಾಸನವೊಂದಿದೆ, ರವಿಕೀರ್ತಿ ರಚಿಸಿದ ಆ ಪ್ರಶಸ್ತಿಯಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳ ನಡುವೆ ಒಂದು ನೌಕಾಯುದ್ಧದ ಉಲ್ಲೇಖವಿದೆ. ಪುಲಕೇಶಿಯ ತಂದೆ ಕೀರ್ತಿವರ್ಮನೇ ಕೊಂಕಣದ ಮೌರ್ಯರನ್ನು ಒಮ್ಮೆ ಸೋಲಿಸಿದ್ದನು. ಮಗನು ನೂರಾರು ನೌಕೆಗಳೊಡನೆ ಹೋಗಿ ಪುರಿಯೆಂಬ ಪಶ್ಚಿಮ ಸಮುದ್ರದ ನಗರಿಯನ್ನು ಮುತ್ತಿದನು. ಆ ಪುರಿ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಘಾರಾಪುರಿಯೇ ಅದೆಂದು ವಾದಿಸಿದವರು ಹಲವರು, ಜಂಜಿರೆಯ ಬಳಿಯ ರಾಜಪುರಿಯೆಂದು ಹೇಳಿದವರು ಕೆಲವರು. ಕಳಚುರಿ ಕೃಷ್ಣರಾಜನ ನಾಣ್ಯಗಳು ಈ ದ್ವೀಪದಲ್ಲಿ ದೊರೆತಿರುವುದರಿಂದ ಗುಹೆಗಳ ನಿರ್ಮಾಣವನ್ನು ಕಳಚುರಿಗಳ ಕಾಲಕ್ಕೆ ಸೇರಿಸುವ ಮತ ಇಂದು ಪ್ರಬಲವಾಗಿದೆ. ವಾದ ಯಾವುದೇ ನಿಲ್ಲಲಿ, ಬಾದಾಮಿಯ ದೊರೆ ಹಡಗುಗಳೊಡನೆ ಕೊಂಕಣದ ಈ ಕಡಲಿಗೆ ಬಂದದ್ದಂತೂ ಶಿಲೆಯಲ್ಲಿ ಕೆತ್ತಿದ ಮಾತು.

ಅದಾದ ಎರಡು ಶತಮಾನಗಳ ತರುವಾಯ ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಬೋರಿವಲಿಯ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರು ಅಧಿರಾಜನೆಂದು ಕಂಡುಬರುತ್ತದೆ. ಅವುಗಳಲ್ಲೊಂದು ಶಕ 799ರದು. ಕವಿರಾಜಮಾರ್ಗ ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನ ಹೆಸರು, ಇಂದು ನಾವು ಲೋಕಲ್ ರೈಲಿನಲ್ಲಿ ಹೋಗಿ ಇಳಿಯುವ ಬೋರಿವಲಿಯ ಬೆಟ್ಟದ ಬಂಡೆಯ ಮೇಲಿದೆಯೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿಕೊಡಬೇಡವೆ?

ಪೋರ್ಚುಗೀಜರ ಕೈಗೆ ದ್ವೀಪ ಸೇರಿದುದು 1534ರಲ್ಲಿ, ಗುಜರಾತಿನ ಸುಲ್ತಾನ ಬಹಾದುರ ಶಹನೊಡನೆ ಆದ ಒಪ್ಪಂದದ ಫಲವಾಗಿ. ರಾಜಬಂದರದ ಬಳಿ ಇದ್ದ ಏಕಶಿಲೆಯ ಆನೆಯನ್ನು ಕಂಡು ಅವರು ಎಲಿಫಾಂತೆ ಎಂದರು. ಅದೇ ಹೆಸರು ಜಗತ್ತಿಗೆಲ್ಲ ಹಬ್ಬಿತು. ಇಲ್ಲಿದ್ದ ಶಿಲಾಶಾಸನವೊಂದನ್ನು ಅವರು ಕಿತ್ತು ತಮ್ಮ ದೇಶಕ್ಕೆ ಕಳುಹಿಸಿದರು; ಅದು ಮತ್ತೆ ದೊರೆಯಲಿಲ್ಲ. ಆ ಒಂದು ಕಲ್ಲು ಉಳಿದಿದ್ದರೆ ಈ ಗುಹೆಗಳನ್ನು ಕೊರೆಸಿದವರು ಯಾರೆಂಬ ಚರ್ಚೆಯೇ ಬಹುಶಃ ಉಳಿಯುತ್ತಿರಲಿಲ್ಲ. ಆನೆಯ ತಲೆ ಮತ್ತು ಕುತ್ತಿಗೆ 1814ರಲ್ಲಿ ಕಳಚಿಬಿದ್ದವು. 1864ರಲ್ಲಿ ಆನೆಯನ್ನು ಸಾಗಿಸಹೊರಟಾಗ ಅದು ಚೂರುಚೂರಾಯಿತು. ಆ ಚೂರುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ ಆನೆ ಇಂದು ಭಾಯಖಳದ ಜೀಜಾಮಾತಾ ಉದ್ಯಾನದ ಆವರಣದಲ್ಲಿದೆ. ಹೆಸರು ದ್ವೀಪದಲ್ಲಿ ಉಳಿಯಿತು, ಹೆಸರು ಕೊಟ್ಟ ಆನೆ ನಗರಕ್ಕೆ ಬಂದಿತು. 1782ರ ಸಾಲಬಾಯಿಯ ಒಪ್ಪಂದದಿಂದ ದ್ವೀಪ ಆಂಗ್ಲರಿಗೆ ಸ್ಥಿರವಾಗಿ ದಕ್ಕಿತು. 1875ರಲ್ಲಿ ಆಂಗ್ಲ ಯುವರಾಜನು ಭಾರತಕ್ಕೆ ಬಂದಾಗ ಶಿವನ ಈ ಸನ್ನಿಧಿಯಲ್ಲಿಯೇ ಅವನಿಗೆ ಔತಣವನ್ನು ಏರ್ಪಡಿಸಲಾಯಿತು. ಇಷ್ಟೆಲ್ಲ ದಾಖಲೆಗಳ ನಡುವೆ ಮೂರು ಬಂದರಗಳ ಜನ ಏನು ಉಂಡರು, ಎಲ್ಲಿ ನೀರು ತಂದರು ಎಂಬುದಕ್ಕೆ ಎಡೆ ದೊರೆತದ್ದು ಬಲು ಕಡಮೆ.

4. ದ್ವೀಪಗಳ ನಗರ

ಮುಂಬಯಿಯೂ ಒಂದು ಕಾಲಕ್ಕೆ ಘಾರಾಪುರಿಯಂತೆಯೇ ಇತ್ತು. ಕೊಲಾಬಾ, ಸಣ್ಣ ಕೊಲಾಬಾ, ಮುಂಬಯಿ, ಮಝಗಾಂವ, ಪರಳ, ವರಳಿ, ಮಾಹಿಮ್ ಎಂಬ ಏಳು ನಡುಗಡ್ಡೆಗಳ ನಡುವೆ ಸಮುದ್ರ ಹೊಕ್ಕು ಹೊರಡುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಗವರ್ನರ್ ಹಾರ್ನ್‌ಬಿಯ ಒಡ್ಡು ಮಹಾಲಕ್ಷ್ಮಿ ವರಳಿಗಳ ನಡುವಣ ಕಂಡಿಯನ್ನು ಮುಚ್ಚಿತು. 1838ರಲ್ಲಿ ಕೊಲಾಬಾದ ಸೇತುರಸ್ತೆ, 1845ರಲ್ಲಿ ಮಾಹಿಮ್‌ನ ಸೇತುರಸ್ತೆ ಸಿದ್ಧವಾದುವು. ನೀರು ಹೋಯಿತು, ನೀರಿನ ನೆನಪು ಹೆಸರುಗಳಲ್ಲಿ ಉಳಿಯಿತು. ಇಂದು ವಾಹನಗಳ ಗದ್ದಲದಲ್ಲಿ ಮುಳುಗಿದ ಪಾಯಧುನಿ, ಕಾಲು ತೊಳೆದುಕೊಂಡು ಮುಂದೆ ಸಾಗುತ್ತಿದ್ದ ಹಳ್ಳದ ದಡ. ಉಮರಖಾಡಿಯಲ್ಲಿ ಅತ್ತಿಮರದ ನೆರಳಿನ ಕೊಲ್ಲಿಯೊಂದು ಅಡಗಿದೆ. ವರಳಿಯ, ಶಿವಡಿಯ, ಮಾಹಿಮ್‌ನ ಕೋಳಿವಾಡಗಳಲ್ಲಿ ಇಂದಿಗೂ ಬಲೆ ಒಣಗುವುದನ್ನು ಕಾಣುವವನು ಘಾರಾಪುರಿಯಲ್ಲಿ ಮುಂಬಯಿಯ ಬಾಲ್ಯವನ್ನೇ ಕಾಣುತ್ತಾನೆ.

ನೀರಿನ ನಡುವಣ ಈ ಬದುಕನ್ನು ತಿಳಿಯುವುದಕ್ಕೆ ನಮ್ಮ ಕರಾವಳಿಯವರಿಗಿಂತ ಅರ್ಹರು ಯಾರು? ನೇತ್ರಾವತಿ, ಸ್ವರ್ಣಾ, ಸೀತಾ ನದಿಗಳ ನಡುವಣ ಕುದ್ರುಗಳಲ್ಲಿ ಹುಟ್ಟಿದವರಿಗೆ, ಶಾಲೆಗೆ ದೋಣಿ ದಾಟಿ ಹೋದವರಿಗೆ, ದಕ್ಕೆಯೆಂಬ ಮಾತನ್ನು ತೊಟ್ಟಿಲಲ್ಲಿಯೇ ಕೇಳಿದವರಿಗೆ, ಮುಂಬಯಿಯ ಭಾವೂಚಾ ಧಕ್ಕೆ ಅಪರಿಚಿತವಲ್ಲ. ಹಡಗಿನಲ್ಲಿ ಬಂದು ಇಲ್ಲಿ ನೆಲೆಯೂರಿದ ಮೊಗವೀರರು 1902ರಲ್ಲಿಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿಕೊಂಡುವು. ದೊಡ್ಡ ನಗರದ ಮಡಿಲಲ್ಲಿ ಸಣ್ಣ ಸಮುದಾಯವೊಂದು ತನ್ನ ಹೆಸರನ್ನು, ತನ್ನ ನುಡಿಯನ್ನು, ತನ್ನ ಲೆಕ್ಕಪತ್ರವನ್ನು ತಾನೇ ಕಾಪಾಡಿಕೊಳ್ಳುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಈ ಸಂಸ್ಥೆಗಳ ಚರಿತ್ರೆಯಿಂದ ನಾವು ಬಲ್ಲೆವು. ಘಾರಾಪುರಿಯ ಪಂಚಾಯತಿ ಮಾಡುತ್ತಿರುವುದೂ ಇದೇ ಕೆಲಸ.

ಲೋಕದ ಬೇರೆಡೆಯೂ ಇಂತಹ ಉದಾಹರಣೆಗಳುಂಟು. ಕ್ಯಾರಿಬಿಯನ್ ಸಮುದ್ರದಲ್ಲಿ ಪೋರ್ಟೊ ರಿಕೊದ ಪೂರ್ವಕ್ಕೆ ಕುಲೇಬ್ರ ಎಂಬ ಪುಟ್ಟ ದ್ವೀಪವಿದೆ. ಸುಮಾರು 30 ಚದರ ಕಿಲೋಮೀಟರಿನ ನೆಲ, ಎರಡು ಸಾವಿರಕ್ಕೂ ಕಡಮೆ ಜನ, ಆದರೂ ತನ್ನದೇ ಆದ ಪುರಸಭೆ. ಅಮೆರಿಕದ ನೌಕಾಪಡೆ ದಶಕಗಳ ಕಾಲ ಆ ದ್ವೀಪವನ್ನು ಫಿರಂಗಿಗಳ ಗುರಿಯಭ್ಯಾಸಕ್ಕೆ ಬಳಸಿಕೊಂಡಿತು. ಅಲ್ಲಿಯ ಜನ ಒಗ್ಗಟ್ಟಿನಿಂದ ಪ್ರತಿಭಟಿಸಿದ ಮೇಲೆ 1975ರಲ್ಲಿ ಆ ಅಭ್ಯಾಸ ನಿಂತಿತು. ದೊಡ್ಡ ನೆಲದವರಿಗೆ ಸಣ್ಣ ದ್ವೀಪವೆಂದರೆ ಒಂದೋ ಗುರಿಹಲಗೆ, ಒಂದೋ ವಿಹಾರಸ್ಥಾನ. ಅಲ್ಲಿ ವಾಸಿಸುವವರಿಗೆ ಮಾತ್ರ ಅದು ಊರು. ನಮ್ಮ ಕೊಲ್ಲಿಯಲ್ಲಿಯೂ ಹೀಗೆಯೇ: ಅದನ್ನು ದಾಟುವ ಅಟಲ ಸೇತುವೆ 2024ರ ಜನವರಿಯಲ್ಲಿ ತೆರೆದುಕೊಂಡ ಮೇಲೆ, ಶಿವಡಿಯಿಂದ ನ್ಹಾವಾ ಶೇವೆಯ ಕಡೆಗೆ ಧಾವಿಸುವ ಕಾರುಗಳಿಂದ ಘಾರಾಪುರಿಯ ಗುಡ್ಡಗಳು ಕೆಲವು ನಿಮಿಷಗಳ ಕಾಲ ಸ್ಪಷ್ಟವಾಗಿ ಕಾಣುತ್ತವೆ. ಸೇತುವೆಯಾದರೋ ದ್ವೀಪವನ್ನು ಮುಟ್ಟದೆ ಅದರ ಉತ್ತರದಲ್ಲಿ ಸಾಗಿಹೋಗುತ್ತದೆ. ಮಳೆಗಾಲದ ಬಿರುಗಾಳಿಯಲ್ಲಿ ಲಾಂಚು ನಿಂತರೆ ಕಾಯಿಲೆಯವರೂ, ಮೇಲಿನ ತರಗತಿಗಳಿಗಾಗಿ ಕಡಲು ದಾಟಬೇಕಾದ ಮಕ್ಕಳೂ ಇಂದಿಗೂ ಕಾಯಲೇಬೇಕು.

5. ಉಪಸಂಹಾರ

ಸಹೃದಯರೆ, ಸ್ಮಾರಕಗಳನ್ನು ರಕ್ಷಿಸುವುದು ಸರಕಾರದ ಕರ್ತವ್ಯ. ಊರುಗಳನ್ನು ಗೌರವಿಸುವುದು ಸಂದರ್ಶಕರ ಕರ್ತವ್ಯ. ಗುಡ್ಡದ ಓರೆಯ ಶಿಲ್ಪವೂ ತೀರದ ದೋಣಿಯೂ ಒಂದೇ ನೆಲದ ಫಲಗಳು. ಸಮುದ್ರವನ್ನು ಬಲ್ಲ ಜನ ಇಲ್ಲಿ ವಾಸಿಸಿದ್ದರಿಂದಲೇ ಸಮುದ್ರದ ನಡುವೆ ಇಂತಹ ದೇಗುಲವನ್ನು ಕೊರೆಯುವುದು ಸಾಧ್ಯವಾಯಿತೆಂಬುದು ನನ್ನ ದೃಢವಾದ ನಂಬಿಕೆ. ಶಿಲ್ಪಿಗಳಿಗೆ ಅನ್ನ ಮುಟ್ಟಿಸಿದವರು, ಅವರನ್ನು ದೋಣಿಯಲ್ಲಿ ದಾಟಿಸಿದವರು ಯಾರಿರಬೇಕು? ಬಂದರಗಳವರೇ ಅಲ್ಲವೆ?

ಆದಕಾರಣ ತಮ್ಮಲ್ಲಿ ನನ್ನದೊಂದು ವಿನಂತಿ. ಇನ್ನೊಮ್ಮೆ ಘಾರಾಪುರಿಗೆ ಹೋಗುವಾಗ ಬೆಳಗಿನ ಮೊದಲ ಲಾಂಚಿಗೆ ಹೋಗಿ, ಮಹೇಶಮೂರ್ತಿಯ ದರ್ಶನವಾದ ಮೇಲೆ ಒಂದೆರಡು ತಾಸು ಉಳಿಸಿಕೊಳ್ಳಿ. ಮಕ್ಕಳ ಕೈಹಿಡಿದು ಕಣಿವೆಯ ಹಾದಿಯಲ್ಲಿ ನಡೆದು ಊರುಗಳನ್ನು ನೋಡಿ. ಪಂಚಾಯತಿಯ ಚೀಟಿಯನ್ನು ಓದಿ. ಅಂಗಡಿಯ ತಾಯಿಯನ್ನು ಅವರ ಊರಿನ ಹೆಸರು ಕೇಳಿ. ಶೇತಬಂದರ, ಮೋರಾಬಂದರ, ರಾಜಬಂದರ, ಈ ಮೂರು ಹೆಸರುಗಳು ತಮ್ಮ ನೆನಪಿನಲ್ಲಿ ಉಳಿದರೆ ಈ ದತ್ತಿಯ ಉದ್ದೇಶ ಸಾರ್ಥಕವಾಯಿತೆಂದು ಭಾವಿಸುತ್ತೇನೆ.